ಸುಸ್ತನ್ನೂ ಹೇಳಬೇಕು

— ರಾತ್ರಿ ಒಂಬತ್ತಕ್ಕೆ ಮಲಗಿದವಳು ಬೆಳಗ್ಗೆ ಏಳಕ್ಕೆ ಎದ್ದೆ ಅಕ್ಕ. ಎದ್ದ ಕೂಡಲೇ ಮತ್ತೆ ಮಲಗೋಣ ಅನ್ನಿಸ್ತು. ಇಷ್ಟು ನಿದ್ದೆ ಮಾಡಿಯೂ ಸುಸ್ತು ಅಂದ್ರೆ ಯಾರು ನಂಬ್ತಾರೆ?

— ನಾನು ನಂಬ್ತೀನಿ. ನನ್ನ ಹಾಗೆ ಕೀಮೋ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ನರ್ಸನ್ನ ಕೇಳಿದ್ರೂ ನಂಬ್ತಾರೆ. ವಾಂತಿ, ಕೂದಲು ಉದುರೋದು, ಇವೇ ದೊಡ್ಡ ತೊಂದರೆ ಅಂತ ಹೊರಗಿನವರು ಅಂದ್ಕೊಂಡಿರ್ತಾರೆ. ವಾಂತಿಗೆ ಈಗ ಒಳ್ಳೆ ಔಷಧಿ ಬಂದಿದೆ. ಕೂದಲು ಮತ್ತೆ ಬರುತ್ತೆ. ಹೆಚ್ಚು ಜನರನ್ನ ಹೆಚ್ಚು ಕಾಲ ಕಾಡೋದು ಈ ಸುಸ್ತು. ದುಡಿದು ಬಂದ ದಣಿವು ಒಂದು ನಿದ್ದೆಗೆ ಇಳಿಯುತ್ತೆ. ಇದು ಇಳಿಯಲ್ಲ. ಮಾಡಿದ ಕೆಲಸಕ್ಕೂ ಆದ ದಣಿವಿಗೂ ತಾಳೆಯೇ ಆಗಲ್ಲ.

— ಅದೇ ನೋಡು. ನಿನ್ನೆ ಸ್ನಾನ ಮಾಡಿ ಬಂದು ಮಂಚದ ಮೇಲೆ ಕೂತೆ. ಸೀರೆ ಪಕ್ಕದಲ್ಲೇ ಇದೆ. ನೆರಿಗೆ ಹಿಡಿಯೋಕೆ ಎದ್ದು ನಿಲ್ಲಬೇಕಲ್ಲ, ಆ ನಿಲ್ಲೋದು ಆಗ್ತಿಲ್ಲ. ನೋವಿಲ್ಲ, ಜ್ವರ ಇಲ್ಲ. ಸುಮ್ಮನೆ ಆಗ್ತಿಲ್ಲ, ಅಷ್ಟೆ. ಕೊನೆಗೆ ನೈಟಿ ಹಾಕ್ಕೊಂಡು ಅಲ್ಲೇ ಒರಗಿದೆ. ಬೆಳಗ್ಗೆ ಐದಕ್ಕೆ ಎದ್ದು, ಅಡುಗೆ ಮುಗಿಸಿ, ಪ್ರಾರ್ಥನೆ ಬೆಲ್ಲಿಗೆ ಮುಂಚೆ ಶಾಲೆಯಲ್ಲಿ ಇರ್ತಿದ್ದವಳು ನಾನು.

— ಇದನ್ನ ಡಾಕ್ಟರಿಗೆ ಹೇಳಿದ್ಯಾ?

— ಇಲ್ಲ.

— ಯಾಕೆ?

— ಹೇಗೆ ಹೇಳಲಿ? ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ, ರಕ್ತ ಕೊಟ್ಟು, ರಿಪೋರ್ಟಿಗೆ ಕಾದು, ಒಳಗೆ ಹೋಗಿ ಕೂರುವಾಗ ಹಿಂದೆ ಬಾಗಿಲ ತುಂಬ ಜನ ನಿಂತಿರ್ತಾರೆ. ಜ್ವರ ಬಂತಾ, ಭೇದಿ ಆಯ್ತಾ, ಬೆರಳು ಜೋಮು ಹಿಡಿಯುತ್ತಾ ಅಂತ ಕೇಳ್ತಾರೆ. ಸುಸ್ತು ಇದೆಯಾ ಅಂದ್ರೆ ಸ್ವಲ್ಪ ಇದೆ ಅಂತೀನಿ. ಕೀಮೋ ಅಂದ್ಮೇಲೆ ಅದು ಇರೋದೇ ಅಲ್ವಾ? ಇನ್ನೊಂದು ಭಯವೂ ಇದೆ. ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಔಷಧಿಯ ಪ್ರಮಾಣ ಕಡಿಮೆ ಮಾಡ್ತಾರೆ, ಕಾಯಿಲೆ ಒಳಗೇ ಉಳ್ಕೊಂಡುಬಿಡುತ್ತೆ ಅಂತ.

— ಆ ಭಯ ನೂರಾರು ಜನರ ಬಾಯಲ್ಲಿ ಕೇಳಿದೀನಿ. ಸುಸ್ತು ಅಂದ ತಕ್ಷಣ ಯಾರೂ ಡೋಸ್ ಇಳಿಸಲ್ಲ. ಮೊದಲು ಕಾರಣ ಹುಡುಕ್ತಾರೆ. ಹುಡುಕಬೇಕಾದ್ರೆ ನೀನು ಹೇಳಬೇಕು, ಅದೂ ಅವರ ಕೈಗೆ ಸಿಗೋ ಹಾಗೆ. 'ಸ್ವಲ್ಪ' ಅನ್ನೋದನ್ನ ಬಿಟ್ಬಿಡು. ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಡು. ಸೊನ್ನೆ ಅಂದ್ರೆ ಸುಸ್ತೇ ಇಲ್ಲ. ಹತ್ತು ಅಂದ್ರೆ ಇದಕ್ಕಿಂತ ಹೆಚ್ಚು ಊಹಿಸೋಕೂ ಆಗಲ್ಲ. ಎಷ್ಟೋ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಸೋ ಅಳತೆ ಇದು. ಮೂರರವರೆಗೆ ಸೌಮ್ಯ. ನಾಲ್ಕು ಮುಟ್ಟಿದ್ರೆ ಕಾರಣ ಹುಡುಕಬೇಕು ಅಂತ ಲೆಕ್ಕ. ಏಳು ಮುಟ್ಟಿದ್ರೆ ತೀವ್ರ. ನಿನ್ನದು ಎಷ್ಟು?

— ಕೀಮೋ ಆದ ಮಾರನೇ ದಿನ ಸಂಜೆಯಿಂದ ಏಳು. ವಾರದ ಕೊನೆಗೆ ಐದಕ್ಕೆ ಇಳಿಯುತ್ತೆ. ಅಷ್ಟರಲ್ಲಿ ಮುಂದಿನದು ಬಂತು.

— ಗಣಿತದ ಮೇಷ್ಟ್ರು ನೀನು, ಅಂಕ ಕೊಡೋದು ನಿನಗೆ ಹೇಳ್ಕೊಡಬೇಕಾಗಿಲ್ಲ. ಆದ್ರೆ ಅಂಕದ ಜೊತೆಗೆ ಏನು ಮಾಡೋಕೆ ಆಗ್ಲಿಲ್ಲ ಅನ್ನೋದನ್ನೂ ಹೇಳು. 'ಸ್ನಾನ ಆದ ಮೇಲೆ ಸೀರೆ ಉಡೋಕೆ ಆಗ್ಲಿಲ್ಲ' ಅನ್ನೋ ಮಾತು ಇದೆಯಲ್ಲ, ಡಾಕ್ಟರ ಪೆನ್ನು ಅಲ್ಲಿ ನಿಲ್ಲುತ್ತೆ.

— ಹೇಳಿದ್ರೆ ಏನು ಮಾಡ್ತಾರೆ? ಟಾನಿಕ್ ಬರೀತಾರಾ?

— ಹುಡುಕೋಕೆ ತುಂಬ ಇದೆ. ಮೊದಲು ಹಿಮೋಗ್ಲೋಬಿನ್. ಹೆಂಗಸರಿಗೆ ಹನ್ನೆರಡು ಇರಬೇಕು, ಕೀಮೋ ಮಜ್ಜೆಯನ್ನ ಅಮುಕಿ ಇಳಿಸುತ್ತೆ. ಅದು ಪ್ರತಿ ಸಲ ರಿಪೋರ್ಟಿನಲ್ಲೇ ಇರುತ್ತೆ, ನೋಡ್ತಾರೆ. ಆದ್ರೆ ಥೈರಾಯ್ಡ್ ಪ್ರತಿ ಸಲ ನೋಡಲ್ಲ. ಬಿ ಹನ್ನೆರಡೂ ನೋಡಲ್ಲ. ಮೊಟ್ಟೆ ಮಾಂಸ ಮುಟ್ಟದ ನಮ್ಮಂಥ ಮನೆಗಳಲ್ಲಿ ಬಿ ಹನ್ನೆರಡು ಕ್ಯಾನ್ಸರಿಗೆ ಮುಂಚೆಯೇ ಕಡಿಮೆ ಇರೋದು ಬಹಳ ಸಾಮಾನ್ಯ. ಅದು ಕಡಿಮೆ ಆದ್ರೆ ಸುಸ್ತೂ ಆಗುತ್ತೆ, ಮರೆವೂ ಬರುತ್ತೆ, ಕಾಲೂ ಜೋಮು ಹಿಡಿಯುತ್ತೆ. ಎಲ್ಲವನ್ನೂ ಕೀಮೋ ತಲೆಗೆ ಕಟ್ಟಿ ಸುಮ್ಮನಾದ್ರೆ, ಸುಲಭವಾಗಿ ಸರಿಮಾಡಬಹುದಾದ್ದು ಹಾಗೇ ಉಳಿಯುತ್ತೆ. ಸೋಡಿಯಂ ಇಳಿದಿರಬಹುದು. ನೋವಿನ ಮಾತ್ರೆಯಿಂದ ಮಂಪರು ಬರಬಹುದು. ಊಟವೇ ಸೇರದೆ ಮೈ ಸೊರಗಿರಬಹುದು. ಸರಿ, ಸ್ಟಿರಾಯ್ಡ್ ಯಾವತ್ತು ಕೊಡ್ತಾರೆ ನಿನಗೆ?

— ಈಗ ವಾರಕ್ಕೊಂದು ಪ್ಯಾಕ್ಲಿಟ್ಯಾಕ್ಸೆಲ್ ಅಲ್ವಾ, ಹಿಂದಿನ ರಾತ್ರಿ ಡೆಕ್ಸಾ ಮಾತ್ರೆ ತಗೊಳ್ಳೋಕೆ ಹೇಳಿದಾರೆ. ಮತ್ತೆ ಡ್ರಿಪ್ಪಿಗೆ ಮುಂಚೆ ನರಕ್ಕೆ ಕೊಡ್ತಾರೆ.

— ಹಾಗಾದ್ರೆ ಹಿಂದಿನ ರಾತ್ರಿ ನಿದ್ದೆ ಹತ್ತಲ್ಲ.

— ಕಣ್ಣೇ ಮುಚ್ಚಲ್ಲ. ಬೀರು ಒರೆಸಿ ಜೋಡಿಸೋಣ ಅನ್ನೋಷ್ಟು ಹುರುಪು. ಕೀಮೋ ದಿನ ಡ್ರಿಪ್ ಹಾಕಿದ ಕೂಡಲೇ ಮಂಪರು. ಮರುದಿನವೂ ಪರವಾಗಿಲ್ಲ ಅನ್ನಿಸುತ್ತೆ, ಸಂಜೆ ಹೊತ್ತಿಗೆ ಕುಸಿದು ಬೀಳ್ತೀನಿ.

— ಆ ಹುರುಪು ಡೆಕ್ಸಾದ್ದು, ನಿನ್ನದಲ್ಲ. ಡ್ರಿಪ್ಪಿನ ಮಂಪರು ಅಲರ್ಜಿ ಆಗದಿರಲಿ ಅಂತ ಕೊಡೋ ಇಂಜೆಕ್ಷನ್ನಿನದ್ದು. ಆಮೇಲಿನ ಕುಸಿತದಲ್ಲಿ ಡೆಕ್ಸಾ ಇಳಿಯೋದರ ಪಾಲೂ ಇದೆ, ಕೆಟ್ಟ ನಿದ್ದೆಯ ಪಾಲೂ ಇದೆ. ಮಾತ್ರೆಯನ್ನ ನೀನಾಗಿ ಬಿಡಬೇಡ, ಹೊತ್ತನ್ನೂ ಬದಲಿಸಬೇಡ, ಅದು ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮೈ ತಿರುಗಿ ಬೀಳದ ಹಾಗೆ ತಡೆಯೋಕೆ ಇರೋದು. ಆದ್ರೆ ಕೇಳಬಹುದು: ಹೊತ್ತು ಹಿಂದೆಮುಂದೆ ಮಾಡೋಕೆ ಆಗುತ್ತಾ, ಇಲ್ಲಿವರೆಗೆ ಅಲರ್ಜಿ ಆಗದೆ ಇರೋದ್ರಿಂದ ಕಡಿಮೆ ಮಾಡಬಹುದಾ ಅಂತ. ಎಷ್ಟೋ ಕಡೆ ಮಾಡ್ತಾರೆ. ಕೇಳಿದವರಿಗೆ ಮಾಡ್ತಾರೆ.

— ಮೊದಲು ಕೊಟ್ಟ ಆ ಕೆಂಪು ಔಷಧಿಯೇ ವಾಸಿ ಅನ್ನಿಸುತ್ತೆ ಅಕ್ಕ. ಒಂದು ವಾರ ನೆಲ ಹಿಡಿದು ಮಲಗಿದ್ರೂ ಕೊನೆಯ ವಾರ ಎದ್ದು ಓಡಾಡ್ತಿದ್ದೆ.

— ಅದು 21 ದಿನಕ್ಕೊಮ್ಮೆ ಕೊಡೋದು, ಮೈ ಸುಧಾರಿಸ್ಕೊಳ್ಳೋಕೆ ಜಾಗ ಇತ್ತು. ವಾರದ ಔಷಧಿ ಒಂದೊಂದು ಸಲಕ್ಕೆ ಹಗುರ, ಆದ್ರೆ ಸುಸ್ತು ಒಂದರ ಮೇಲೊಂದು ಕೂರುತ್ತೆ. ಇದಾದ ಮೇಲೆ ರೇಡಿಯೇಷನ್ ಇದೆ ಅಂದ್ಯಲ್ಲ. ಅದರ ಸುಸ್ತಿನ ದಾರಿಯೇ ಬೇರೆ. ಮೊದಲ ವಾರ ಏನೂ ಇಲ್ಲ ಅನ್ನಿಸುತ್ತೆ, ಬರ್ತಾ ಬರ್ತಾ ಏರುತ್ತೆ, ಕೊನೆಯ ಹೊತ್ತಿಗೆ ತುದಿ ಮುಟ್ಟುತ್ತೆ, ಮುಗಿದ ಮೇಲೂ ಕೆಲವು ವಾರ ಹಾಗೇ ಇರುತ್ತೆ. ಮುಗಿದ ಮಾರನೇ ದಿನವೇ ಶಾಲೆಗೆ ಹೋಗ್ತೀನಿ ಅಂತ ಯಾರಿಗೂ ಮಾತು ಕೊಡಬೇಡ.

ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೊಮ್ಮಗಳು ವಿಡಿಯೋ ಕಾಲ್ ಮಾಡಿದ್ರೆ ಈಗಲೂ ಖುಷಿ ಆಗುತ್ತಾ?

— ಆಗುತ್ತೆ. ಮಾತಾಡೋಕೆ ಉಸಿರಿಲ್ಲ, ಆದ್ರೂ ಫೋನ್ ಇಡೋಕೆ ಮನಸ್ಸು ಬರಲ್ಲ. ಯಾಕೆ ಕೇಳಿದೆ?

— ಬೇಕು ಅನ್ನಿಸಿ ಆಗದೆ ಇರೋದು ಸುಸ್ತು. ಬೇಕು ಅನ್ನೋದೇ ಸತ್ತುಹೋದ್ರೆ, ಮಗುವಿನ ಮುಖ ನೋಡಿದ್ರೂ ಒಳಗೆ ಏನೂ ಅಲ್ಲಾಡದಿದ್ರೆ, ಅದು ಖಿನ್ನತೆ ಇರಬಹುದು. ಎರಡೂ ಒಟ್ಟಿಗೆ ಬರೋದೂ ಉಂಟು. ಖಿನ್ನತೆಗೆ ಚಿಕಿತ್ಸೆ ಇದೆ, ಅದನ್ನ ಮನೋಬಲದ ಪ್ರಶ್ನೆ ಮಾಡಿ ಕೂರಬಾರದು. ಯಾವತ್ತಾದ್ರೂ ಹಾಗೆ ಅನ್ನಿಸಿದ್ರೆ ಅದೇ ದಿನ ನನಗೆ ಫೋನ್ ಮಾಡು.

— ಮಾಡ್ತೀನಿ. ಈಗ ಹೇಳು, ವಿಶ್ರಾಂತಿ ಎಷ್ಟು ಬೇಕು? ಅತ್ತೆ ಮಂಚದಿಂದ ಇಳಿಯೋಕೇ ಬಿಡಲ್ಲ.

— ಇಲ್ಲೇ ಅತ್ತೆಯವರ ಜೊತೆ ನನಗೆ ಜಗಳ. ಪ್ರೀತಿಯಿಂದಲೇ ಹೇಳ್ತಾರೆ, ಆದ್ರೆ ದಿನವಿಡೀ ಮಲಗಿದ್ರೆ ಈ ಸುಸ್ತು ಹೆಚ್ಚುತ್ತೆ. ತೊಡೆಯ ಮಾಂಸಖಂಡ ಎರಡು ವಾರದಲ್ಲೇ ಸೊರಗುತ್ತೆ. ಆಮೇಲೆ ಬಚ್ಚಲಿಗೆ ಹೋಗಿ ಬರೋದೂ ದೊಡ್ಡ ಕೆಲಸ ಆಗುತ್ತೆ. ಸುಸ್ತಿದೆ ಅಂತ ಮಲಗ್ತೀವಿ, ಮಲಗಿದ್ದಕ್ಕೆ ಇನ್ನಷ್ಟು ಸುಸ್ತಾಗುತ್ತೆ. 2017ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು, 113 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ದು. ಕ್ಯಾನ್ಸರಿನ ಸುಸ್ತಿಗೆ ವ್ಯಾಯಾಮ ಮತ್ತು ಆಪ್ತಸಲಹೆ ಎರಡೂ ಔಷಧಿಗಿಂತ ಹೆಚ್ಚು ಕೆಲಸ ಮಾಡ್ತವೆ ಅಂತ ಬಂತು. ಚುರುಕು ಬರಿಸೋ ಮಾತ್ರೆಗಳನ್ನ ಪ್ರಯತ್ನಿಸಿ ನೋಡಿದಾರೆ, ಲಾಭ ಅಷ್ಟಕ್ಕಷ್ಟೆ.

— ನಿಲ್ಲೋಕೆ ಆಗದವಳಿಗೆ ವ್ಯಾಯಾಮ ಅಂತೀಯಲ್ಲ!

— ಗೇಟಿನವರೆಗೆ ಹೋಗಿ ಬರೋದು ವ್ಯಾಯಾಮ. ಅಷ್ಟೇ ಸಾಕು ಈ ವಾರ. ಐದು ನಿಮಿಷ ನಡೆ, ಕೂತ್ಕೋ, ಸಂಜೆ ಇನ್ನೊಂದು ಐದು ನಿಮಿಷ. ಪಕ್ಕದಲ್ಲಿ ನಡೆಯೋರ ಜೊತೆ ಮಾತಾಡೋಕೆ ಆಗಬೇಕು, ಅದೇ ಗತಿ. ಮುಂದಿನ ವಾರ ಎರಡು ನಿಮಿಷ ಜಾಸ್ತಿ. ವಾರಕ್ಕೆ ಮೂರು ದಿನ ಅರ್ಧ ಗಂಟೆ ನಡೆದವರಿಗೆ ಸುಸ್ತು ಇಳಿಯುತ್ತೆ ಅಂತ ತಜ್ಞರ ಮಾತು. ಅಲ್ಲಿಗೆ ಮುಟ್ಟೋಕೆ ಎರಡು ತಿಂಗಳು ಹಿಡಿದ್ರೂ ಹಿಡೀಲಿ. ಯೋಗವೂ ಆಗುತ್ತೆ. ನಮ್ಮ ಜಿಗಣಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಬೆಂಗಳೂರಿನ ಆಸ್ಪತ್ರೆಗಳ ಸ್ತನ ಕ್ಯಾನ್ಸರ್ ರೋಗಿಗಳ ಮೇಲೇ ಇದನ್ನ ಪರೀಕ್ಷೆ ಮಾಡಿದಾರೆ, ಕೀಮೋ ಮತ್ತು ರೇಡಿಯೇಷನ್ ನಡೀತಿರುವಾಗಲೇ. ಅಮೆರಿಕದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯವರು ಆಮೇಲೆ ಇವರ ಜೊತೆ ಸೇರಿ ಕೆಲಸ ಮಾಡಿದ್ರು. ಶೀರ್ಷಾಸನ ಏನೂ ಅಲ್ಲ. ಹಗುರ ಆಸನ, ಉಸಿರಾಟ, ಶವಾಸನದಲ್ಲಿ ಮೈ ಸಡಿಲ ಬಿಡೋದು.

— ಯಾವಾಗ ನಡೀಬಾರದು?

— ಜ್ವರ ಇದ್ದಾಗ. ಎದೆ ನೋವು, ಉಬ್ಬಸ, ತಲೆ ತಿರುಗೋದು ಇದ್ದಾಗ. ಪ್ಲೇಟ್ಲೆಟ್ ಇಲ್ಲವೇ ಹಿಮೋಗ್ಲೋಬಿನ್ ತೀರ ಇಳಿದಿದೆ ಅಂತ ಅವರು ಹೇಳಿದಾಗ. ಕಾಯಿಲೆ ಮೂಳೆಗೆ ಹರಡಿದವರು ಡಾಕ್ಟರನ್ನ ಕೇಳಿಯೇ ಶುರು ಮಾಡಬೇಕು. ಇನ್ನು ಹಗಲು ನಿದ್ದೆ. ಅರ್ಧ ಗಂಟೆ, ಮಧ್ಯಾಹ್ನ ಮೂರರ ಒಳಗೆ, ಅಲಾರಂ ಇಟ್ಟು. ಐದರವರೆಗೆ ಮಲಗಿದ್ರೆ ರಾತ್ರಿಯ ನಿದ್ದೆ ಹೋಯ್ತು.

— ನೀವಿಬ್ಬರೂ ಮಾತಾಡ್ತಿದೀರಿ, ನಾನೂ ಕೂರಬಹುದಾ? ಕಾಫಿ ಇಲ್ಲಿದೆ.

— ಕೂತ್ಕೊಳ್ಳಿ ಯಜಮಾನ್ರೇ, ನಿಮ್ಮ ಹತ್ತಿರವೂ ಮಾತಾಡೋದಿತ್ತು. ಮನೆ ಕೆಲಸ ಈಗ ಹೇಗೆ ನಡೀತಿದೆ?

— ಅಡುಗೆ ಅಮ್ಮ ಮಾಡ್ತಾರೆ. ಉಳಿದದ್ದು ನಾನು. ಇವಳು ಸುಮ್ಮನಿರಲ್ಲ. ಒಂದು ದಿನ ಚೆನ್ನಾಗಿದೆ ಅನ್ನಿಸಿದ್ರೆ ಇಡೀ ಮನೆ ಗುಡಿಸಿ, ಪರದೆ ಒಗೆದು, ಮೂರು ದಿನ ಮಲಗ್ತಾಳೆ. ನಾನು ಧೈರ್ಯ ಬರಲಿ ಅಂತ ಯುವರಾಜ್ ಸಿಂಗ್ ಬಗ್ಗೆ ಹೇಳ್ತಿರ್ತೀನಿ. 2012ರ ಮಾರ್ಚಿನಲ್ಲಿ ಕೀಮೋ ಮುಗಿಸಿದವನು ಸೆಪ್ಟೆಂಬರಿನಲ್ಲಿ ಭಾರತಕ್ಕೆ ಆಡಿದ ಅಂತ.

— ಅವರು ಹೇಳಿದಾಗೆಲ್ಲ ನನಗೆ ಪರದೆ ಒಗೆಯೋ ಆವೇಶ ಬರೋದು ಅಕ್ಕ.

— ಯುವರಾಜ್ ಸಿಂಗ್‌ದು ದೊಡ್ಡ ಕಥೆ, ನಿಜ. ಆದ್ರೆ ಮೂವತ್ತು ವರ್ಷದ ಕ್ರೀಡಾಪಟು ಅವರು, ಕ್ಯಾನ್ಸರ್ ಬೇರೆ, ಔಷಧಿ ಬೇರೆ, ಎದ್ದ ಕೂಡಲೇ ನಡೆಸೋಕೆ ಜೊತೆಗೆ ತರಬೇತುದಾರರು. ನಿಮ್ಮ ಹೆಂಡತಿಗೆ ಸ್ತನದ ಶಸ್ತ್ರಚಿಕಿತ್ಸೆ ಆಗಿದೆ, ಕಂಕುಳ ಗಂಟು ತೆಗೆದಿದಾರೆ, ಕೀಮೋದಿಂದ ಮುಟ್ಟು ಒಮ್ಮೆಲೇ ನಿಂತು ರಾತ್ರಿಯೆಲ್ಲ ಬೆವರ್ತಾಳೆ. ಆ ಹೋಲಿಕೆ ಬಿಡಿ. ಅದರಿಂದ ಧೈರ್ಯ ಬರಲ್ಲ, ತಾನು ಸೋತೆ ಅನ್ನೋ ಭಾವ ಬರುತ್ತೆ. ಮನಸ್ಸು ಗಟ್ಟಿ ಮಾಡ್ಕೋ ಅನ್ನೋ ಮಾತೂ ಹಾಗೇ. ಮನಸ್ಸು ಗಟ್ಟಿ ಇಲ್ಲದವಳು ಪ್ರತಿ ವಾರ ತಾನಾಗಿ ಹೋಗಿ ಸೂಜಿಗೆ ಕೈ ಕೊಡ್ತಾಳಾ?

— ಹಾಗಾದ್ರೆ ಏನು ಮಾಡಲಿ ಹೇಳಿ. ನನಗೆ ನಿಜವಾಗಿ ಗೊತ್ತಾಗ್ತಿಲ್ಲ.

— ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿ, ಕೂತು ಸ್ನಾನ ಮಾಡಲಿ. ಹಂಡೆಯ ಸುಡುನೀರು ಬೇಡ, ಬಿಸಿ ನೀರು ಮೈಯ ಶಕ್ತಿ ಹೀರುತ್ತೆ, ಉಗುರು ಬೆಚ್ಚಗೆ ಸಾಕು. ಬಕೆಟ್ ನೀವು ತುಂಬಿಡಿ, ಕಂಕುಳ ಗಂಟು ತೆಗೆದ ಕೈಯಲ್ಲಿ ಈಗಲೇ ತುಂಬಿದ ಬಕೆಟ್ ಎತ್ತೋದು ಬೇಡ. ಸ್ನಾನ ಆಗಿ ಅರ್ಧ ಗಂಟೆ ಬೇರೇನೂ ಇಟ್ಕೋಬೇಡಿ. ತರಕಾರಿ ಹೆಚ್ಚಬೇಕು ಅಂತ ಆಸೆ ಆದ್ರೆ ಹೆಚ್ಚಲಿ. ಈಳಿಗೆಮಣೆ ಮುಂದೆ ಕುಕ್ಕರಗಾಲಲ್ಲಿ ಅಲ್ಲ, ಮೇಜಿನ ಮುಂದೆ ಕೂತು. ದಿನಕ್ಕೆ ಅವಳಿಗೆ ಮುಖ್ಯವಾದ್ದು ಒಂದು, ಅವಳೇ ಆರಿಸ್ಕೊಳ್ಳಲಿ, ಚೆನ್ನಾಗಿರೋ ಹೊತ್ತಲ್ಲಿ ಅದು ಮೊದಲು. ಮಿಕ್ಕದ್ದು ಆದ್ರೆ ಆಯ್ತು, ಬಿಟ್ರೆ ಬಿಡ್ತು. ಚೆನ್ನಾಗಿರೋ ದಿನವೂ ಮಾಡಬಹುದು ಅನ್ನಿಸಿದ್ದರಲ್ಲಿ ಅರ್ಧಕ್ಕೆ ನಿಲ್ಲಿಸಬೇಕು. ಅತಿ ಕಷ್ಟದ ಶಿಸ್ತು ಇದೇ.

— ನೋಡೋಕೆ ಬರೋ ನೆಂಟರನ್ನ ಏನು ಮಾಡೋದು? ಬೇಡ ಅನ್ನೋಕಾಗಲ್ಲ.

— ಅದು ನಿಮ್ಮ ಕೆಲಸ, ಅವಳದ್ದಲ್ಲ. ಯಾರೇ ಬರಲಿ, ಮೊದಲು ನಿಮಗೆ ಫೋನ್ ಮಾಡ್ಲಿ. ಹದಿನೈದು ನಿಮಿಷ ಆದ ಮೇಲೆ 'ಇವಳಿಗೆ ಮಾತ್ರೆ ಹೊತ್ತಾಯ್ತು' ಅಂತ ನೀವು ಎದ್ದು ನಿಲ್ಲಿ. ಕೆಮ್ಮು ನೆಗಡಿ ಇರೋರು ಬಾಗಿಲಿಂದಲೇ ಹೋಗ್ಲಿ. ಬಂದವರು ಅಮೃತಬಳ್ಳಿ ಕಷಾಯ, ಪರಂಗಿ ಎಲೆ ರಸ ಅಂತ ತರ್ತಾರೆ. ಡಾಕ್ಟರನ್ನ ಕೇಳದೆ ಒಂದು ಚಮಚವೂ ಬೇಡ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಯಕೃತ್ತು ಕೆಟ್ಟವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ರು. ಇವಳ ಕೀಮೋ ಔಷಧಿಯನ್ನ ಮೈಯಿಂದ ಹೊರಗೆ ಹಾಕಬೇಕಾದ್ದು ಅದೇ ಯಕೃತ್ತು.

— ಸರಿ. ಫೋನ್ ಬರ್ತಿದೆ, ತಮ್ಮನದ್ದಿರಬೇಕು. ನೀವು ಮುಂದುವರಿಸಿ.

— ಅವರು ಹೋಗ್ಲಿ ಅಂತಲೇ ಕಾಯ್ತಿದ್ದೆ. ಇದನ್ನ ಅವರ ಮುಂದೆ ಹೇಳೋಕೆ ಆಗ್ತಿರಲಿಲ್ಲ. ಸುಸ್ತು ಹೇಗೋ ತಡ್ಕೋತೀನಿ ಅಕ್ಕ. ತಲೆ ಕೆಡ್ತಿದೆ.

— ಏನಾಯ್ತು?

— ಪಕ್ಕದ ಮನೆ ಹುಡುಗಿ ಎಸ್ಸೆಸ್ಸೆಲ್ಸಿ. ವರ್ಗ ಸಮೀಕರಣ ಅರ್ಥ ಆಗಿಲ್ಲ ಮಿಸ್ ಅಂತ ಬಂದ್ಲು. ಎಕ್ಸ್ ವರ್ಗ, ಮೈನಸ್ ಐದು ಎಕ್ಸ್, ಪ್ಲಸ್ ಆರು, ಈಕ್ವಲ್ ಟು ಸೊನ್ನೆ. ನಿದ್ದೆಗಣ್ಣಲ್ಲೂ ಮಾಡೋ ಲೆಕ್ಕ. ಮಧ್ಯದ ಪದ ಒಡೀಬೇಕು: ಕೂಡಿದ್ರೆ ಮೈನಸ್ ಐದು, ಗುಣಿಸಿದ್ರೆ ಆರು. ಮೈನಸ್ ಎರಡು, ಮೈನಸ್ ಮೂರು ಅಂತ ಬಾಯಲ್ಲಿ ಹೇಳಿದೆ. ಪೆನ್ನು ಹಾಳೆಗೆ ಇಡೋ ಹೊತ್ತಿಗೆ ಆ ಎರಡು ಸಂಖ್ಯೆ ಇಲ್ಲ. ಯಾವುದು ಅಂದೆ ಈಗ ತಾನೇ? ಹುಡುಗಿ 'ಮೈನಸ್ ಎರಡು ಮಿಸ್' ಅಂದ್ಲು. ಬರೆದೆ. ಇನ್ನೊಂದು ಯಾವುದು? ಅವಳು ನನ್ನ ಮುಖ ನೋಡಿದ್ಲು. ತಲೆನೋವು ನಾಳೆ ಬಾ ಅಂತ ಕಳಿಸಿದೆ. ಅವಳು ಹೋದ ಮೇಲೆ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ. ನನ್ನ ಅಮ್ಮನಿಗೂ ಕೊನೆಗಾಲಕ್ಕೆ ಮರೆವಾಗಿತ್ತು. ಅದೇ ಶುರುವಾಯ್ತಾ?

— ಅಲ್ಲ. ಕೇಳು. ಆ ಲೆಕ್ಕ ಮಾಡೋ ವಿಧಾನ ನಿನಗೆ ಮರೆತಿತ್ತಾ?

— ಇಲ್ಲ. ವಿಧಾನ ಗೊತ್ತಿತ್ತು. ಹಿಡಿದಿಟ್ಟುಕೊಳ್ಳೋಕೆ ಆಗ್ಲಿಲ್ಲ.

— ಅಷ್ಟೇ ವಿಷಯ. ಕಲಿತದ್ದೆಲ್ಲ ಒಳಗೆ ಭದ್ರವಾಗಿದೆ. ಎರಡು ಸಂಖ್ಯೆಯನ್ನ ಕ್ಷಣಕಾಲ ಹಿಡ್ಕೊಂಡು ಮುಂದಿನ ಹೆಜ್ಜೆ ಮಾಡೋಕೆ ಮನಸ್ಸಿಗೆ ಒಂದು ಕರಿಹಲಗೆ ಬೇಕು. ಚಿಕಿತ್ಸೆ ಕಾಲದಲ್ಲಿ ಆ ಹಲಗೆ ಚಿಕ್ಕದಾಗುತ್ತೆ, ಬೇಗ ಅಳಿಸಿಹೋಗುತ್ತೆ. ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ಹೆಚ್ಚುತ್ತಾ ಹೋಗುತ್ತೆ, ಕಲಿತದ್ದನ್ನೇ ಕೊಂಡುಹೋಗುತ್ತೆ, ಎಷ್ಟೋ ಸಲ ರೋಗಿಗೆ ತಾನು ಮರೀತಿದೀನಿ ಅನ್ನೋ ಅರಿವೂ ಇರಲ್ಲ. ನಿನ್ನದು ಕೀಮೋ ಜೊತೆ ಶುರುವಾಯ್ತು, ಕೀಮೋ ವಾರದ ಜೊತೆ ಏರಿಳೀತಿದೆ. ಕೀಮೋ ಬ್ರೇನ್ ಅಂತ ರೋಗಿಗಳೇ ಮೊದಲು ಹೇಳಿದ್ದು. ವೈದ್ಯರು ಬಹಳ ಕಾಲ ಅದನ್ನ ಚಿಂತೆಯ ಫಲ ಅಂತ ತಳ್ಳಿಹಾಕಿದ್ರು. ಅದು ಅನ್ಯಾಯ ಆಯ್ತು ಅಂತಲೇ ನಾನು ಹೇಳೋದು. 2017ರಲ್ಲಿ ಅಮೆರಿಕದಲ್ಲಿ 581 ಸ್ತನ ಕ್ಯಾನ್ಸರ್ ರೋಗಿಗಳನ್ನ ಆರೋಗ್ಯವಂತರ ಜೊತೆ ಇಟ್ಟು ನೋಡಿದ್ರು. ಕೀಮೋ ಮುಗಿದು ಆರು ತಿಂಗಳಾದ ಮೇಲೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ, ಮುಂಚಿನಷ್ಟು ಚುರುಕಿಲ್ಲ ಅಂದ್ರು. 2018ರಲ್ಲಿ ಸ್ಟ್ಯಾನ್‌ಫೋರ್ಡಿನ ಮಿಶೆಲ್ ಮೊಂಜೆಯವರ ತಂಡ ಮೆಥೊಟ್ರೆಕ್ಸೇಟ್ ಅನ್ನೋ ಕೀಮೋ ಔಷಧಿ ಇಲಿಗಳ ಮಿದುಳಲ್ಲಿ ನರತಂತುವಿನ ಹೊದಿಕೆ ಕಟ್ಟೋ ಜೀವಕೋಶಗಳನ್ನ ಹೇಗೆ ಕೆಡಿಸುತ್ತೆ ಅಂತ ತೋರಿಸ್ತು. ಅದು ನಿನ್ನ ಔಷಧಿ ಅಲ್ಲ, ಇಲಿ ಮನುಷ್ಯ ಅಲ್ಲ. ಆದ್ರೆ ಇದು ಕಲ್ಪನೆ ಅಂತ ಇನ್ನು ಯಾರೂ ಅನ್ನೋ ಹಾಗಿಲ್ಲ.

— ಎಲ್ಲಾ ಕೀಮೋದಿಂದಲೇ ಅಂತೀಯಾ?

— ಕೀಮೋ ಒಂದರಿಂದಲೇ ಅಲ್ಲ. ಕೆಲವರಿಗೆ ಚಿಕಿತ್ಸೆ ಶುರುವಾಗೋ ಮುಂಚೆಯೇ ಪರೀಕ್ಷೆಗಳಲ್ಲಿ ವ್ಯತ್ಯಾಸ ಕಂಡಿದೆ. ಕಾಯಿಲೆಯ ಉರಿಯೂತ, ನಿದ್ದೆಗೇಡು, ಭಯ, ರಕ್ತಹೀನತೆ, ಮುಟ್ಟು ಒಮ್ಮೆಲೇ ನಿಂತದ್ದು, ಮುಂದೆ ಕೊಡೋ ಹಾರ್ಮೋನ್ ಮಾತ್ರೆ, ಎಲ್ಲ ಸೇರುತ್ತೆ. ಹೆಚ್ಚಿನವರಿಗೆ ಚಿಕಿತ್ಸೆ ಮುಗಿದು ಆರು ತಿಂಗಳು ವರ್ಷದಲ್ಲಿ ತಿಳಿಯಾಗ್ತಾ ಬರುತ್ತೆ. ಕೆಲವರಿಗೆ ವರ್ಷಗಟ್ಟಲೆ ಸ್ವಲ್ಪ ಉಳಿಯುತ್ತೆ. ನಿನಗೆ ಸುಳ್ಳು ಹೇಳಲ್ಲ.

— ಅಲ್ಲಿವರೆಗೆ?

— ಹಲಗೆ ಚಿಕ್ಕದಾಗಿದೆ ಅಂದ್ಮೇಲೆ ಹಾಳೆ ಮೇಲೆ ಬರಿ. ಆ ಹುಡುಗಿಯನ್ನ ಮತ್ತೆ ಕರಿ. ಪ್ರತಿ ಹೆಜ್ಜೆಯನ್ನೂ ಬರೆದೇ ಮುಂದಕ್ಕೆ ಹೋಗು, ಬಾಯಲ್ಲಿ ಹೇಳಿ ಆಮೇಲೆ ಬರೆಯೋದು ಬೇಡ. ನಿನಗೂ ಒಳ್ಳೇದು, ಅವಳಿಗೂ. ಬೆಳಗ್ಗೆ ಹತ್ತಕ್ಕೆ, ಟಿವಿ ಆರಿಸಿ, ಇಪ್ಪತ್ತು ನಿಮಿಷ. ಒಲೆ ಮೇಲೆ ಹಾಲಿಟ್ಟು ಲೆಕ್ಕ ಹೇಳಬೇಡ. ಎರಡು ಕೆಲಸ ಒಟ್ಟಿಗೆ ಮಾಡೋದನ್ನ ಈಗ ಬಿಡು.

— ಹಾಲು ಎರಡು ಸಲ ಉಕ್ಕಿ ಗ್ಯಾಸ್ ಆರಿಹೋಗಿತ್ತು. ಮೂಗಿಗೂ ಈಗ ವಾಸನೆ ಸರಿಯಾಗಿ ತಿಳಿಯಲ್ಲ.

— ಅದು ಅಪಾಯ, ಮಗಾ. ಮನೇಲಿ ಒಬ್ಬಳೇ ಇದ್ದಾಗ ಒಲೆ ಹಚ್ಚಬೇಡ, ಫ್ಲಾಸ್ಕಿನಲ್ಲಿ ಕಾಫಿ ಇಟ್ಟು ಹೋಗೋಕೆ ಹೇಳು. ಮಾತ್ರೆಗೆ ವಾರದ ಡಬ್ಬಿ ಸಿಗುತ್ತೆ, ಬೆಳಗ್ಗೆ ರಾತ್ರಿ ಅಂತ ಖಾನೆ ಇರೋದು. ಖಾನೆ ಖಾಲಿ ಇದ್ರೆ ತಗೊಂಡಾಯ್ತು, ನೆನಪನ್ನ ನಂಬೋದೇ ಬೇಡ. ಒಂದೇ ಒಂದು ನೋಟ್‌ಬುಕ್ ಇಟ್ಕೋ, ಎಲ್ಲಾ ಅದರಲ್ಲೇ. ಚೀಟಿ ಬೇಡ, ಚೀಟಿ ಕಳೆದುಹೋಗುತ್ತೆ. ಕನ್ನಡಕ, ಫೋನು, ಫೈಲು, ಮೂರಕ್ಕೂ ಒಂದೊಂದೇ ಜಾಗ. ಸ್ಕೂಟಿ ಮುಟ್ಟಬೇಡ. ಒಟಿಪಿ ಕೇಳೋ ಫೋನ್ ಬಂದ್ರೆ ಯಜಮಾನರಿಗೆ ಕೊಡು. ಆಸ್ತಿ, ಸಾಲ, ಸಹಿ ಅನ್ನೋದೇನಿದ್ರೂ ತಲೆ ತಿಳಿಯಾಗಿರೋ ದಿನ, ಇನ್ನೊಬ್ಬರು ಪಕ್ಕದಲ್ಲಿದ್ದಾಗ. ಮತ್ತೆ ಇದನ್ನ ಯಜಮಾನರಿಗೆ ನೀನೇ ಹೇಳು, ನನ್ನ ಮುಂದೆ ಹೇಳಿದ ಹಾಗೇ. ಇಲ್ಲದಿದ್ರೆ ಅವರು ಹೇಳಿದ್ದನ್ನ ನೀನು ಮರೆತಾಗ, ತನ್ನ ಮಾತಿಗೆ ಬೆಲೆ ಇಲ್ಲ ಅಂದ್ಕೋತಾರೆ.

— ಮುಗಿದ ಮೇಲೂ ಸರಿ ಹೋಗದಿದ್ರೆ?

— ಅಳೆದು ನೋಡಿಸಬಹುದು. ನಿಮ್ಹಾನ್ಸಿನವರು 2004ರಲ್ಲಿ ನಮ್ಮ ಜನರಿಗಂತಲೇ ಗಮನ, ನೆನಪು, ಯೋಜನೆ ಎಲ್ಲ ಅಳೆಯೋ ಪರೀಕ್ಷೆಗಳನ್ನ ಹೊರತಂದಿದಾರೆ. ಶಾಲೆಗೆ ಹೋಗದವರಿಗೂ ಬೇರೆ ಅಳತೆ ಇದೆ ಅದರಲ್ಲಿ. ಎಲ್ಲಿ ಪೆಟ್ಟು ಬಿದ್ದಿದೆ ಅಂತ ಗೊತ್ತಾದ್ರೆ ಅಭ್ಯಾಸ ಮಾಡಿಸ್ತಾರೆ. ಆದ್ರೆ ಒಂದನ್ನ ಬೇರೆ ಇಡು: ಇದು ನಿಧಾನವಾಗಿ ಬಂದ ಮಬ್ಬು. ಒಂದೇ ದಿನದಲ್ಲಿ ಗೊಂದಲ ಬಂದ್ರೆ, ಇದ್ದ ಊರು ಗೊತ್ತಾಗದಿದ್ರೆ, ಮಾತು ತೊದಲಿದ್ರೆ, ಒಂದು ಕಡೆ ಕೈಕಾಲು ಸೋತ್ರೆ, ಎಬ್ಬಿಸಿದ್ರೂ ಏಳದಷ್ಟು ಮಂಪರಿದ್ರೆ, ಜ್ವರ 100.4 ಡಿಗ್ರಿ ಮುಟ್ಟಿದ್ರೆ, ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಆಗಲೇ ಆಸ್ಪತ್ರೆ. ಬಿಳಿ ರಕ್ತಕಣ ಇಳಿದಿರುವಾಗ ಸೋಂಕು ಗಂಟೆಗಳಲ್ಲಿ ಏರುತ್ತೆ. ಇದನ್ನ ಫ್ರಿಜ್ ಮೇಲೆ ಬರೆದು ಅಂಟಿಸೋಕೆ ಹೇಳ್ತೀನಿ ಅವರಿಗೆ.

— ನನಗಾದ್ರೆ ರಜೆ ಇದೆ, ಸಂಬಳ ಬರುತ್ತೆ. ನಿಮ್ಮ ವಾರ್ಡಿಗೆ ಬರ್ತಿದ್ದವರು ಏನು ಮಾಡ್ತಿದ್ರು?

— ಅದೇ ನನಗೆ ನಿದ್ದೆ ಕೆಡಿಸಿದ್ದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ನೋಡು. ರಾಯಚೂರಿಂದ, ಕೊಪ್ಪಳದಿಂದ, ಆಂಧ್ರದ ಕಡೆಯಿಂದ ರಾತ್ರಿಯಿಡೀ ಕೂತು ಬಂದವರು ಬೆಳಗ್ಗೆ ಆರಕ್ಕೆ ಸಾಲಿನಲ್ಲಿರ್ತಾರೆ. ಕಳೆ ಕೀಳೋ ಕೂಲಿ ಹೆಂಗಸಿಗೆ ಯಾವ ರಜೆ? ಹೇಗಿದೀಯಮ್ಮಾ ಅಂದ್ರೆ ಚೆನ್ನಾಗಿದೀನಿ ಅಂತಾಳೆ. ಅವಳಿಗೆ ಚೆನ್ನಾಗಿರೋದು ಅಂದ್ರೆ ವಾಂತಿ ಆಗಿಲ್ಲ ಅಷ್ಟೆ. ಮನೆಗೆ ಹೋದ ಮೂರನೇ ದಿನ ಹೊಲಕ್ಕೆ ಹೋಗಿರ್ತಾಳೆ, ಬಿಸಿಲಲ್ಲಿ ಬಿದ್ದಿರ್ತಾಳೆ, ಮುಂದಿನ ಸಲ ಬರೋದೇ ಇಲ್ಲ. ಫೈಲಿನಲ್ಲಿ 'ಚಿಕಿತ್ಸೆಗೆ ಬರಲಿಲ್ಲ' ಅಂತ ಬರೀತಾರೆ. ಯಾಕೆ ಅಂತ ಬರೆಯೋ ಖಾನೆ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ, ಅದು ದೊಡ್ಡದೇ. ಆದ್ರೆ ಆ ತಿಂಗಳುಗಳ ಕೂಲಿ ಯಾರು ಕೊಡ್ತಾರೆ? ಸುಸ್ತಿಗೆ ವಿಶ್ರಾಂತಿ, ನಡಿಗೆ, ಪೌಷ್ಟಿಕ ಊಟ ಅಂತ ನಾನು ಹೇಳ್ಕೊಟ್ಟದ್ದೆಲ್ಲ ಅವಳ ಮನೆಯ ಬಾಗಿಲಲ್ಲೇ ನಿಂತುಬಿಡುತ್ತೆ.

— ಅವಳಿಗೆ ನೀನು ಏನು ಹೇಳ್ತಿದ್ದೆ?

— ಧರ್ಮಶಾಲೆಯಲ್ಲಿ ಎರಡು ದಿನ ಹೆಚ್ಚು ಉಳ್ಕೋ ಅಂತಿದ್ದೆ. ಜೊತೆಗೆ ಬಂದ ಗಂಡನನ್ನೋ ಮಗನನ್ನೋ ಕೂರಿಸಿ, ಮೊದಲ ವಾರ ಇವಳು ಹೊಲಕ್ಕೆ ಹೋದ್ರೆ ಔಷಧಿಯೆಲ್ಲ ನೀರಲ್ಲಿ ಹೋಮ ಅಂತ ಗಟ್ಟಿಯಾಗಿ ಹೇಳ್ತಿದ್ದೆ. ರೈಲಿನ ರಿಯಾಯಿತಿ ಫಾರಂ ಬರೆಸಿಕೊಡ್ತಿದ್ದೆ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗುವಾಗ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಬರೋ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಬಸ್ಸಿನಲ್ಲಿ ಕುಲುಕಾಡ್ಕೊಂಡು ಹೋಗ್ತಾರೆ. ನೀನೂ ಬಸ್ಸಿನಲ್ಲೇ ಅಲ್ವಾ ಹೋಗೋದು?

— ಹೌದು. ರಾತ್ರಿ ಬಸ್ಸು. ಇಳಿಯೋ ಹೊತ್ತಿಗೇ ಅರ್ಧ ಜೀವ.

— ನಿನಗೂ ಯಾರೂ ಹೇಳಲೇ ಇಲ್ಲ ನೋಡು. ಈ ಸಲ ಫಾರಂ ಕೇಳು. ಶಿವಮೊಗ್ಗದಿಂದ ರೈಲಿನಲ್ಲಿ ಮಲಗಿ ಹೋಗು. ಈಗ ಆ ನೋಟ್‌ಬುಕ್ ತಗೋ, ಬುಧವಾರ ಡಾಕ್ಟರಿಗೆ ತೋರಿಸೋಕೆ ಬರ್ಕೋ.

— ಬರೀತಿದೀನಿ. ಸುಸ್ತು: ಮೊದಲ ಮೂರು ದಿನ ಏಳು, ಕೊನೆಗೆ ಐದು. ಸ್ನಾನದ ನಂತರ ನಿಂತು ಸೀರೆ ಉಡೋಕೆ ಆಗಲ್ಲ. ಎರಡು ಸಂಖ್ಯೆ ಮನಸ್ಸಲ್ಲಿ ನಿಲ್ಲಲ್ಲ. ಒಲೆ ಮೇಲೆ ಹಾಲು ಮರೆತೆ, ಎರಡು ಸಲ.

— ಥೈರಾಯ್ಡ್, ಬಿ ಹನ್ನೆರಡು ನೋಡಿಸಬಹುದಾ ಅಂತ ಒಂದು ಸಾಲು. ಡೆಕ್ಸಾ ಹೊತ್ತಿನ ಪ್ರಶ್ನೆ ಇನ್ನೊಂದು ಸಾಲು. ರಾತ್ರಿ ಬೆವರು, ನಿದ್ದೆ ಮುರಿಯೋದು. ರೈಲಿನ ಫಾರಂ. ಒಂದು ಪುಟ ದಾಟಿಸಬೇಡ. ಒಳಗೆ ಹೋದ ಕೂಡಲೇ ಪುಟವನ್ನೇ ಅವರ ಕೈಗೆ ಕೊಡು, ಓದೋಕೆ ಅರ್ಧ ನಿಮಿಷ ಸಾಕು.

— ಒಂದು ವೇಳೆ ಪಕ್ಕಕ್ಕಿಟ್ರೆ?

— ಹೊರಗೆ ಬಂದು ಡೇ ಕೇರ್ ಸಿಸ್ಟರ್ ಹತ್ತಿರ ಕೊಡು. ಫೈಲಿಗೆ ಸೇರಿಸಿ ಅಂತ ಕೇಳು. ಡ್ರಿಪ್ ಹಾಕುವಾಗ ಅವರು ಓದ್ತಾರೆ, ಡಾಕ್ಟರಿಗೂ ನೆನಪಿಸ್ತಾರೆ. ನಾನು ಆ ಕುರ್ಚಿಯಲ್ಲಿದ್ದಾಗ ಹಾಗೇ ಮಾಡ್ತಿದ್ದೆ.